ಉಂಡ ಮನೆಗೆ ಎರಡು ಬಗೆದಂತಾಗುತ್ತದೆಯೇ?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು, ಕೆಲಸಕ್ಕೆ ಸೇರಿ ಇನ್ನೂ ಐದು ವರ್ಷ ತುಂಬದವರು ಬರೆದವು. ಕೇಳಿರುವ ರೀತಿ ಬೇರೆ ಬೇರೆಯಾದರೂ ಎಲ್ಲರ ಮನಸ್ಸಿನಲ್ಲಿರುವ ಅಳುಕು ಒಂದೇ ಆಗಿರುವುದರಿಂದ, ಈ ಸಲ ಉಳಿದ ವಿಷಯಗಳನ್ನು ಬದಿಗಿಟ್ಟು ಇದೊಂದಕ್ಕೇ ಪುಟಗಳನ್ನು ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರನ್ನೂ ಅವರ ಸಂಸ್ಥೆಯ ಗುರುತನ್ನೂ ಎಂದಿನಂತೆ ಕೈಬಿಟ್ಟಿದೆ.

ಪ್ರಶ್ನೆ: ಪದವಿ ಮುಗಿಸಿ ಮೊದಲ ಕೆಲಸಕ್ಕೆ ಸೇರಿ ಎರಡೂವರೆ ವರ್ಷವಾಯಿತು. ಶಾಖೆಗಳಿಂದ ಬರುವ ಲೆಕ್ಕಗಳನ್ನು ಒಟ್ಟುಗೂಡಿಸಿ ಪ್ರತಿ ತಿಂಗಳು ವರದಿ ಸಿದ್ಧಪಡಿಸುವುದು ನನ್ನ ಕೆಲಸ. ಮೊದಲ ಆರು ತಿಂಗಳು ಬಹಳ ಕಲಿತೆ. ಆಮೇಲೆ ಅದೇ ವರದಿ, ಅವೇ ತಿದ್ದುಪಡಿಗಳು. ಈಗ ಒಂದು ಸಣ್ಣ ತಂಡದಿಂದ ಕರೆ ಬಂದಿದೆ. ಅಲ್ಲಿ ಸಂಬಳ ತುಸು ಕಡಿಮೆ, ಆದರೆ ಅಂಕಿಅಂಶಗಳನ್ನು ವಿಶ್ಲೇಷಿಸುವ ಕೆಲಸವನ್ನು ಬುಡದಿಂದ ಕಲಿಯುವ ಅವಕಾಶವಿದೆ. ವಿಷಯ ಕಿವಿಗೆ ಬಿದ್ದ ಕೂಡಲೇ ನನ್ನ ಮೇಲಧಿಕಾರಿ, “ಏನೂ ಬಾರದವನಾಗಿ ಬಂದೆ, ನಾವು ಕಲಿಸಿದೆವು, ನೀನಿಲ್ಲದೆ ವಿಭಾಗ ನಡೆಯದು ಎನ್ನುವ ಹೊತ್ತಿಗೆ ಹೊರಡುತ್ತೀಯಾ?” ಎಂದು ನೊಂದುಕೊಂಡರು. ಮನೆಯವರು ನೆಲೆಯಾದ ಕೆಲಸವನ್ನು ಬಿಡಬೇಡ ಎನ್ನುತ್ತಾರೆ. ನನ್ನ ಬೆಳವಣಿಗೆಯನ್ನೇ ಮೊದಲು ನೋಡಿಕೊಳ್ಳುವುದು ಸ್ವಾರ್ಥವಲ್ಲವೇ? ಉಂಡ ಮನೆಗೆ ಎರಡು ಬಗೆದಂತಾಗುವುದಿಲ್ಲವೇ?

ಉತ್ತರ: ಗಾದೆಯಿಂದಲೇ ಪ್ರಾರಂಭಿಸೋಣ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಅನ್ನ ಹಾಕಿದವರಿಗೆ ಕೇಡು ಎಣಿಸುವುದು; ಊಟ ಮುಗಿದ ಮೇಲೆ ಕೈತೊಳೆದುಕೊಂಡು, ಹೇಳಿ ಹೊರಡುವವನನ್ನು ಯಾರೂ ದ್ರೋಹಿ ಎನ್ನುವುದಿಲ್ಲ. ಅಲ್ಲದೆ ನೀವು ಅಲ್ಲಿ ಅತಿಥಿಯೂ ಆಗಿರಲಿಲ್ಲ. ಎರಡೂವರೆ ವರ್ಷ ತಿಂಗಳು ತಪ್ಪದೆ ವರದಿ ಕೊಟ್ಟಿದ್ದೀರಿ, ಅದಕ್ಕೆ ಪ್ರತಿಯಾಗಿ ಸಂಬಳ ಪಡೆದಿದ್ದೀರಿ. ಆ ಲೆಕ್ಕ ಪ್ರತಿ ತಿಂಗಳ ಕೊನೆಗೆ ಚುಕ್ತಾ ಆಗುತ್ತಲೇ ಬಂದಿದೆ.

ಆದರೆ ನಿಮ್ಮನ್ನು ಚುಚ್ಚುತ್ತಿರುವುದು ಸಂಬಳದ ಲೆಕ್ಕವಲ್ಲ, “ನಾವು ಕಲಿಸಿದೆವು” ಎಂಬ ಮಾತು. ಆ ಮಾತಿನಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಷ್ಟು ಹಿಂದೆಯೇ ಕೆಲಸದ ಸ್ಥಳದಲ್ಲಿ ನಡೆಯುವ ಕಲಿಕೆಯನ್ನು ಎರಡು ಬಗೆಯಾಗಿ ವಿಂಗಡಿಸಿದ್ದರು. ಒಂದು, ಎಲ್ಲಿ ಹೋದರೂ ನಮ್ಮೊಂದಿಗೆ ಬರುವ ಕೌಶಲ. ಇನ್ನೊಂದು, ಆ ಒಂದು ಸಂಸ್ಥೆಯೊಳಗೆ ಮಾತ್ರ ಬೆಲೆಯುಳ್ಳ ತಿಳಿವಳಿಕೆ. ಯಾವ ಶಾಖೆಯವರು ಲೆಕ್ಕವನ್ನು ತಡವಾಗಿ ಕಳುಹಿಸುತ್ತಾರೆ, ಹಳೆಯ ಸಾಫ್ಟ್‌ವೇರ್‌ನ ಯಾವ ಕಾಲಂನಲ್ಲಿ ಅಂಕಿ ಅದಲುಬದಲಾಗುತ್ತದೆ, ಯಾವ ಅಧಿಕಾರಿಗೆ ವರದಿಯ ಯಾವ ಪುಟ ಮೊದಲು ಬೇಕು ಎಂಬಂಥವೆಲ್ಲ ಎರಡನೆಯ ಬಗೆಯವು. ಬೆಕರ್ ಅವರ ವಾದದ ಸ್ವಾರಸ್ಯವಿರುವುದು ಇದರ ಮುಂದಿನ ಮಾತಿನಲ್ಲಿ: ಎಲ್ಲೆಡೆ ಬೆಲೆಯುಳ್ಳ ಕೌಶಲವನ್ನು ಸಂಸ್ಥೆ ಪುಕ್ಕಟೆ ಕಲಿಸುವುದಿಲ್ಲ, ಕಲಿಯುವ ಅವಧಿಯಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವ ಮೂಲಕ ಅದರ ಶುಲ್ಕವನ್ನು ಕಲಿಯುವವನೇ ತೆರುತ್ತಾನೆ. ಹೊಸಬನ ಸಂಬಳ ಕಡಿಮೆಯಿರುವುದಕ್ಕೆ ಅದೂ ಒಂದು ಕಾರಣ. ಹೀಗಿರುವಾಗ ನಿಮ್ಮ ಕಲಿಕೆಯ ಋಣದ ಬಹುಭಾಗ ಮೊದಲ ವರ್ಷದಲ್ಲೇ ತೀರಿರಬೇಕು. ಹೊಸ ತಂಡದ ಕಡಿಮೆ ಸಂಬಳವನ್ನೂ ಇದೇ ಕಣ್ಣಿನಿಂದ ನೋಡಿ. ಅದು ಅಲ್ಲಿ ಕಲಿಯಲು ನೀವು ಕಟ್ಟುವ ಶುಲ್ಕ. ಕಟ್ಟಿದ್ದಕ್ಕೆ ತಕ್ಕ ಕಲಿಕೆ ಸಿಗುತ್ತದೆಯೇ ಎಂದು ವಿಚಾರಿಸುವುದು ನಿಮ್ಮ ಹಕ್ಕು.

ಇನ್ನು “ಅನುಭವ ತಾನಾಗಿ ಬೆಳೆಸುತ್ತದೆ, ಸುಮ್ಮನೆ ಇರು” ಎಂಬ ಹಿರಿಯರ ಮಾತು. ಇದನ್ನು ನಾನೂ ಬಹಳ ಕಾಲ ನಂಬಿದ್ದೆ. 2005ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಆ ನಂಬಿಕೆಯನ್ನು ಅಲುಗಾಡಿಸಿತು. ವೈದ್ಯರ ವೃತ್ತಿಯ ವರ್ಷಗಳಿಗೂ ಅವರ ಚಿಕಿತ್ಸೆಯ ಗುಣಮಟ್ಟಕ್ಕೂ ಇರುವ ಸಂಬಂಧವನ್ನು ಅಳೆದ 62 ಅಧ್ಯಯನಗಳನ್ನು ಅದು ಒಟ್ಟಿಗೆ ಇಟ್ಟು ನೋಡಿತು; ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ವರ್ಷಗಳು ಕೂಡಿದಂತೆ ತಾವು ಅಳೆದ ಎಲ್ಲ ಅಂಶಗಳಲ್ಲೂ ಗುಣಮಟ್ಟ ಇಳಿಯುತ್ತಿದೆ ಎಂದೇ ಹೇಳಿದ್ದವು. ಜೀವ ಉಳಿಸುವ ವೃತ್ತಿಯಲ್ಲೇ ವರ್ಷಗಳು ತಮ್ಮಷ್ಟಕ್ಕೆ ತಾವು ಜಾಣತನವನ್ನು ತಂದುಕೊಡವು ಎಂದಾದರೆ, ತಿಂಗಳ ವರದಿಯ ಮಾತು ಹೇಳಬೇಕಾಗಿಲ್ಲ. ಕೈ ಪಳಗುವುದು ಬೇರೊಂದು ಬಗೆಯಲ್ಲಿ. ಬರ್ಲಿನ್ನಿನ ಸಂಗೀತ ಶಾಲೆಯ ಪಿಟೀಲು ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರೆದ ಪ್ರಬಂಧದ ತಿರುಳೂ ಇದೇ: ಈಗಿನ ಮಟ್ಟಕ್ಕಿಂತ ತುಸು ಮೇಲಿರುವುದನ್ನು ಗುರಿಯಾಗಿಟ್ಟುಕೊಂಡು, ತಪ್ಪಿದ ಕಡೆಯನ್ನು ಗುರುತಿಸಿಕೊಂಡು, ಮತ್ತೆ ಅದನ್ನೇ ತಿದ್ದುತ್ತ ಮಾಡುವ ಅಭ್ಯಾಸವೇ ಬೆಳೆಸುವುದು. ಬಂದದ್ದನ್ನೇ ಬಾರಿಸುತ್ತ ಕುಳಿತರೆ ಬೆರಳು ಸವೆಯುತ್ತದೆ, ಅಷ್ಟೆ.

ಇಷ್ಟು ಹೇಳಿದ ಮೇಲೆ “ಹಾಗಾದರೆ ಹೊರಡುತ್ತೇನೆ” ಎಂದು ನೀವು ಎದ್ದು ನಿಲ್ಲುವ ಮೊದಲು, ನಿಮ್ಮ ಪತ್ರದಲ್ಲಿ ಇಲ್ಲದ ಎರಡು ಸಂಗತಿಗಳನ್ನು ಕೇಳಬೇಕಾಗಿದೆ. ನಿಮಗೆ ಏನು ಕಲಿಯಬೇಕಾಗಿದೆ ಎಂಬುದನ್ನು ಈಗಿನ ಮೇಲಧಿಕಾರಿಗೆ ಎಂದಾದರೂ ಬಾಯಿಬಿಟ್ಟು ಹೇಳಿದ್ದೀರಾ? ಪತ್ರವನ್ನು ಎರಡು ಸಲ ಓದಿದೆ. ಅಂಥ ಒಂದು ಸಾಲೂ ಕಾಣಲಿಲ್ಲ. ಅಚ್ಚುಕಟ್ಟಾಗಿ ಕೆಲಸ ಮಾಡುವವನು ಸುಮ್ಮನಿದ್ದರೆ ಅವನು ತೃಪ್ತನಾಗಿದ್ದಾನೆ ಎಂದೇ ಮೇಲಿನವರು ಭಾವಿಸುತ್ತಾರೆ, ಹಾಗೆ ಭಾವಿಸುವುದು ಅವರಿಗೆ ಅನುಕೂಲವೂ ಹೌದು. “ಬೆಳೆಯಲು ಅವಕಾಶ ಕೊಡಿ” ಎಂಬ ಮೊಗಮ್ಮಾದ ಕೋರಿಕೆಗೆ “ಖಂಡಿತ ನೋಡೋಣ” ಎಂಬ ಅಷ್ಟೇ ಮೊಗಮ್ಮಾದ ಉತ್ತರ ಬರುತ್ತದೆ. “ಈ ವರದಿಯನ್ನು ಹೊಸಬರಿಗೆ ಕಲಿಸಿಕೊಡುತ್ತೇನೆ, ಮುಂದಿನ ಮೂರು ತಿಂಗಳಲ್ಲಿ ಶಾಖೆಗಳ ಖರ್ಚಿನ ವಿಶ್ಲೇಷಣೆಯನ್ನು ನನಗೆ ವಹಿಸಿ” ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನಲೇಬೇಕಾಗುತ್ತದೆ. ಅವರು ಹೌದೆಂದು ಮಾತಿನಂತೆ ನಡೆದರೆ, ಸಂಬಳ ಕಳೆದುಕೊಳ್ಳದೆ ಬೇಕಾದದ್ದು ಸಿಕ್ಕಿತು.

ಎರಡನೆಯದು: ಆ ಸಣ್ಣ ತಂಡದಲ್ಲಿ ನಿಮ್ಮ ತಪ್ಪನ್ನು ತಿದ್ದುವವರು ಯಾರು? ಸಣ್ಣ ತಂಡ ಎಂದಾಕ್ಷಣ ಕಲಿಕೆ ಇದೆ ಎಂದು ತಿಳಿಯಬೇಡಿ. ಅಲ್ಲಿ ಎಲ್ಲರೂ ನಿಮ್ಮಷ್ಟೇ ಹೊಸಬರಾಗಿದ್ದರೆ, ತಪ್ಪನ್ನು ತಪ್ಪೆಂದು ಹೇಳುವವರಿಲ್ಲದೆ ಆರು ತಿಂಗಳಲ್ಲಿ ಕೆಟ್ಟ ಅಭ್ಯಾಸಗಳನ್ನು ಗಟ್ಟಿಮಾಡಿಕೊಂಡು ಬಿಡುತ್ತೀರಿ. ಸಂದರ್ಶನದಲ್ಲಿ ಅವರು ನಿಮ್ಮನ್ನು ಪ್ರಶ್ನಿಸಿದಂತೆ ನೀವೂ ವಿಚಾರಿಸಿ. ನನ್ನ ಕೆಲಸವನ್ನು ಯಾರು ಓದಿ ನೋಡುತ್ತಾರೆ, ಎಷ್ಟು ದಿನಕ್ಕೊಮ್ಮೆ? ಈ ಹುದ್ದೆಯಲ್ಲಿ ನನಗಿಂತ ಮೊದಲು ಇದ್ದವರು ಈಗ ಏನು ಮಾಡುತ್ತಿದ್ದಾರೆ? ಎರಡನೆಯ ಪ್ರಶ್ನೆಗೆ ತಡವರಿಸುವ ತಂಡದ ಬಗ್ಗೆ ಎಚ್ಚರವಿರಲಿ. ಸಾಧ್ಯವಾದರೆ ಅಲ್ಲಿ ಕೆಲಸ ಮಾಡಿ ಬಿಟ್ಟವರೊಬ್ಬರನ್ನು ಹುಡುಕಿ ಮಾತನಾಡಿಸಿ.

ಕೆಲಸ ಬದಲಿಸುವುದೇ ಅಸ್ಥಿರತೆಯ ಲಕ್ಷಣ ಎಂಬ ಮನೆಯವರ ಆತಂಕಕ್ಕೂ ಒಂದು ಮಾತು. ಅಮೆರಿಕದ ಯುವಕರ ಉದ್ಯೋಗ ದಾಖಲೆಗಳನ್ನು ಪರಿಶೀಲಿಸಿ ರಾಬರ್ಟ್ ಟೋಪೆಲ್ ಮತ್ತು ಮೈಕಲ್ ವಾರ್ಡ್ 1992ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಒಬ್ಬನ ಜೀವಮಾನದ ಉದ್ಯೋಗ ಬದಲಾವಣೆಗಳಲ್ಲಿ ಸುಮಾರು ಮೂರನೆಯ ಎರಡು ಭಾಗ ಮೊದಲ ಹತ್ತು ವರ್ಷಗಳಲ್ಲೇ ನಡೆದುಹೋಗಿರುತ್ತದೆ, ಮತ್ತು ಆ ಅವಧಿಯ ಸಂಬಳದ ಏರಿಕೆಯಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಹೀಗೆ ಬದಲಿಸಿದಾಗ ಸಿಕ್ಕದ್ದು. ಅದು ಒಂದು ದೇಶದ, ಒಂದು ಕಾಲದ, ಅದೂ ಗಂಡಸರದ್ದೇ ಲೆಕ್ಕ. ಎಲ್ಲರಿಗೂ ಹಾಗೆಯೇ ಅನ್ವಯಿಸಲು ಬಾರದು. ಆದರೂ ತನಗೆ ಹೊಂದುವ ಕೆಲಸವನ್ನು ಹುಡುಕುವುದಕ್ಕೇ ಮೊದಲ ವರ್ಷಗಳು ಖರ್ಚಾಗುತ್ತವೆ, ಅದರಲ್ಲಿ ಅಸಹಜವಾದದ್ದೇನೂ ಇಲ್ಲ ಎಂದು ಮನೆಯವರಿಗೆ ಹೇಳಲು ಅಷ್ಟು ಸಾಕು.

ವಿಜ್ಞಾನಿ ಮೈಕಲ್ ಫ್ಯಾರಡೆಯ ಜೀವನದ ಒಂದು ಪ್ರಸಂಗ ನಿಮ್ಮ ಸ್ಥಿತಿಗೆ ಬಹಳ ಹತ್ತಿರದ್ದು. ಏಳು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬನ್ನು ಕಲಿತು, ಅದರಲ್ಲೇ ನೆಲೆ ನಿಲ್ಲಬಹುದಾಗಿದ್ದ ಅವರು, 1812ರಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳಿಗೆ ತಾವೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದರು. ಹಳೆಯ ಕಸುಬು ಹೊಸ ಬಾಗಿಲನ್ನು ತಟ್ಟಿದ್ದು ಹೀಗೆ. 1813ರ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಯೋಗಾಲಯದ ಸಹಾಯಕನ ಕೆಲಸ ಸಿಕ್ಕಿತು. ಅದೇ ವರ್ಷ ಡೇವಿಯ ಜೊತೆ ಯುರೋಪ್ ಪ್ರವಾಸಕ್ಕೆ ಹೊರಟಾಗ, ಬರಬೇಕಾಗಿದ್ದ ಸೇವಕ ಬಾರದ್ದರಿಂದ ಅವನ ಕೆಲಸವೂ ಫ್ಯಾರಡೆಯ ತಲೆಗೆ ಬಿತ್ತು. ಡೇವಿಯ ಹೆಂಡತಿ ಅವರನ್ನು ಆಳಿನಂತೆಯೇ ನಡೆಸಿಕೊಂಡರು. ಬೇಸತ್ತು, ಬಿಟ್ಟು ಹಿಂದಿರುಗಬೇಕೆನಿಸಿದ್ದನ್ನು ಫ್ಯಾರಡೆ ಗೆಳೆಯನಿಗೆ ಬರೆದ ಪತ್ರಗಳಲ್ಲಿ ತೋಡಿಕೊಂಡಿದ್ದಾರೆ. ಆದರೂ ಉಳಿದರು, ಏಕೆಂದರೆ ಆ ಪ್ರವಾಸದಲ್ಲೇ ಅವರು ಹೆಸರಾಂತ ವಿಜ್ಞಾನಿಗಳಾದ ಆಂಪಿಯರ್‌ನನ್ನೂ ವೋಲ್ಟಾನನ್ನೂ ಕಂಡರು, ಡೇವಿಯ ಪ್ರಯೋಗಗಳಲ್ಲಿ ದಿನವೂ ಕೈಜೋಡಿಸಿದರು. ಕಹಿಯನ್ನು ನುಂಗಿಕೊಳ್ಳಿ ಎಂದು ಹೇಳಲು ಇದನ್ನು ನೆನೆಯುತ್ತಿಲ್ಲ. ಮನಸ್ಸಿಗೆ ಹಿತವಿರುವ ಜಾಗವೆಲ್ಲ ಬೆಳೆಸುವ ಜಾಗವಲ್ಲ, ಬೆಳೆಸುವ ಜಾಗ ಸದಾ ಹಿತವಾಗಿಯೂ ಇರುವುದಿಲ್ಲ. ನಿಮ್ಮ ಈಗಿನ ಕಚೇರಿ ಹಿತವಾಗಿದೆ. ಹೊಸ ತಂಡ ಮೊದಲ ಕೆಲವು ತಿಂಗಳು ಹಾಗಿರಲಿಕ್ಕಿಲ್ಲ.

ಕೊನೆಗೆ ಹೊರಡುವುದೇ ಆದರೆ, ಸಂಸ್ಥೆಗೆ ನೀವು ಸಲ್ಲಿಸಬೇಕಾದದ್ದು ಹೊರಡುವ ರೀತಿಯಲ್ಲಿದೆ. ಸೇರುವಾಗ ಸಹಿ ಮಾಡಿದ ಕರಾರನ್ನು ತೆಗೆದು, ಕನಿಷ್ಠ ಸೇವಾವಧಿ ಅಥವಾ ತರಬೇತಿಯ ವೆಚ್ಚದ ಷರತ್ತು ಇದೆಯೇ ಎಂದು ಓದಿ. ನೋಟಿಸ್ ಅವಧಿಯನ್ನು ಪೂರ್ತಿ ದುಡಿಯಿರಿ. ನಿಮ್ಮ ತಲೆಯಲ್ಲಿ ಮಾತ್ರ ಇರುವ ಆ ವರದಿಯ ಗುಟ್ಟುಗಳನ್ನೆಲ್ಲ, ಹೊಸಬನೊಬ್ಬ ಯಾರನ್ನೂ ಕೇಳದೆ ವರದಿ ತಯಾರಿಸಬಲ್ಲಷ್ಟು ವಿವರವಾಗಿ ಬರೆದಿಡಿ. “ನೀನಿಲ್ಲದೆ ವಿಭಾಗ ನಡೆಯದು” ಎಂಬುದು ನಿಜವೇ ಆಗಿದ್ದರೆ ಅದು ನಿಮ್ಮ ಹಿರಿಮೆಗಿಂತ ಹೆಚ್ಚಾಗಿ ಆ ವಿಭಾಗದ ವ್ಯವಸ್ಥೆಯ ದೋಷ, ಮತ್ತು ಅದನ್ನು ಸರಿಪಡಿಸಿ ಹೋಗುವುದು ನೀವು ಮಾಡಬಹುದಾದ ದೊಡ್ಡ ಉಪಕಾರ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಇಲ್ಲಿ ಕೇಳಿ ನೋಡಿ. ಉತ್ತರ ಇಲ್ಲವೆಂದಾದರೆ, ಅಲ್ಲಿ ತಿದ್ದುವವರಿದ್ದಾರೆ ಎಂಬುದೂ ಖಚಿತವಾದರೆ, ಹೋಗಿ.

ಪ್ರಶ್ನೆ: ಶಿಕ್ಷಣದ ಸಾಲದ ಕಂತು ಕಟ್ಟುತ್ತಿದ್ದೇನೆ, ತಂಗಿಯ ಓದಿನ ಖರ್ಚೂ ನನ್ನದೇ. ಉದ್ಯೋಗಗಳೇ ಸಿಗದ ವರ್ಷದಲ್ಲಿ ಓದು ಮುಗಿಸಿದ್ದರಿಂದ ಸಿಕ್ಕಿದ್ದಕ್ಕೆ ಸೇರಿಕೊಂಡೆ. “ಮೊದಲು ಕಲಿಕೆ, ಆಮೇಲೆ ಹಣ” ಎಂಬ ಉಪದೇಶ ಅನುಕೂಲಸ್ಥರಿಗೆ ಮಾತ್ರವಲ್ಲವೇ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಕಂತು ಕಟ್ಟಬೇಕಾದವರು ಸಂಬಳ ಕಡಿಮೆಯಿರುವ ಕೆಲಸವನ್ನು ಕಲಿಕೆಯ ಹೆಸರಿನಲ್ಲಿ ಒಪ್ಪಿಕೊಳ್ಳಬೇಕೆಂದು ನಾನು ಹೇಳಲಾರೆ. ಸಾಲದ ಚಿಂತೆಯಲ್ಲಿ ನಿದ್ದೆ ಕೆಟ್ಟವರು ಏನನ್ನೂ ಕಲಿಯಲಾರರು. ಹೊಟ್ಟೆಪಾಡಿಗಾಗಿ ಒಂದು ಕೆಲಸವನ್ನು ಆರಿಸಿಕೊಂಡದ್ದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಆದರೆ ನಿಮ್ಮಂಥವರ ಬಗ್ಗೆಯೇ ನಡೆದ ಒಂದು ಅಧ್ಯಯನ ಭರವಸೆ ಕೊಡುತ್ತದೆ. ಕೆನಡಾದಲ್ಲಿ ಆರ್ಥಿಕ ಹಿಂಜರಿತದ ಕಾಲದಲ್ಲಿ ಕಾಲೇಜು ಮುಗಿಸಿದವರ ಗಳಿಕೆಯನ್ನು ವರ್ಷಗಟ್ಟಲೆ ಹಿಂಬಾಲಿಸಿ, 2012ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಪ್ರಬಂಧದ ಪ್ರಕಾರ, ಅಂಥವರ ಆರಂಭದ ಗಳಿಕೆ ಉಳಿದವರಿಗಿಂತ ಸುಮಾರು ಶೇ. 9ರಷ್ಟು ಕಡಿಮೆಯಿತ್ತು, ಐದು ವರ್ಷಗಳಲ್ಲಿ ಆ ಅಂತರ ಅರ್ಧಕ್ಕಿಳಿದು, ಹತ್ತು ವರ್ಷಗಳ ಹೊತ್ತಿಗೆ ಹೆಚ್ಚುಕಡಿಮೆ ಮಾಯವಾಯಿತು. ಹೇಗೆ ಮಾಯವಾಯಿತು ಎಂಬುದು ಮುಖ್ಯ. ಕಡಿಮೆ ಕೊಡುವ ಸಂಸ್ಥೆಯಲ್ಲಿ ಪ್ರಾರಂಭಿಸಿದವರು ಮೆಲ್ಲಮೆಲ್ಲನೆ ಉತ್ತಮ ಸಂಸ್ಥೆಗಳಿಗೆ ಸರಿದುಕೊಂಡದ್ದು ಅದಕ್ಕೆ ದೊಡ್ಡ ಕಾರಣವಾಗಿತ್ತು. ಎಲ್ಲರೂ ಒಂದೇ ವೇಗದಲ್ಲಿ ಚೇತರಿಸಿಕೊಳ್ಳಲಿಲ್ಲ ಎಂಬುದನ್ನೂ ಆ ಪ್ರಬಂಧ ಮುಚ್ಚಿಡುವುದಿಲ್ಲ.

ಹಾಗಾಗಿ ನಿಮ್ಮ ಮಟ್ಟಿಗೆ ಬೆಳವಣಿಗೆಯನ್ನು ಮುಂದಿಡುವುದೆಂದರೆ ಕೆಲಸ ಬಿಡುವುದಲ್ಲ, ಸರಿಯುವ ಶಕ್ತಿಯನ್ನು ಉಳಿಸಿಕೊಳ್ಳುವುದು. ಒಂದೇ ಬೆಲೆಯ ಎರಡು ಕೆಲಸಗಳು ಮೇಜಿನ ಮೇಲೆ ಬಂದಾಗ, ಹೊರಗೂ ಬೆಲೆಯುಳ್ಳದ್ದನ್ನು ಕೇಳಿ ಪಡೆಯಿರಿ. ಸಂಬಳ ಏರಿದ ತಿಂಗಳು ಖರ್ಚನ್ನು ಅದರ ಜೊತೆಗೆ ಏರಲು ಬಿಡದೆ, ಮೂರು ತಿಂಗಳ ಕಂತಿನಷ್ಟನ್ನಾದರೂ ಬೇರೆ ತೆಗೆದಿಡಿ. ಆ ಗಂಟಿದ್ದರೆ ಮುಂದೊಂದು ದಿನ ಒಳ್ಳೆಯ ಅವಕಾಶವೊಂದಕ್ಕೆ ಹೆದರಿಕೆಯಿಂದ ಬೇಡವೆನ್ನಬೇಕಾಗುವುದಿಲ್ಲ. ವಾರಕ್ಕೆ ಮೂರೋ ನಾಲ್ಕೋ ಗಂಟೆ ಓದಿಗೆ ಎಂದು ಮೀಸಲಿಡಿ, ಅದಕ್ಕಿಂತ ಹೆಚ್ಚಿನ ಪ್ರತಿಜ್ಞೆ ಮಾಡಿ ಮೂರನೆಯ ವಾರಕ್ಕೆ ಕೈಬಿಡಬೇಡಿ.

ಪ್ರಶ್ನೆ: ನಮ್ಮ ವಿಭಾಗದಲ್ಲಿ ಸಭೆಯ ಟಿಪ್ಪಣಿ ಬರೆಯುವುದು, ಹೊಸಬರಿಗೆ ಕಚೇರಿ ತೋರಿಸುವುದು, ಬೀಳ್ಕೊಡುಗೆ ಸಮಾರಂಭ ಏರ್ಪಡಿಸುವುದು ಎಲ್ಲವೂ ನನ್ನ ಪಾಲಿಗೇ ಬರುತ್ತವೆ. ಯಾರಾದರೂ ಕೇಳಿದರೆ ಇಲ್ಲವೆನ್ನಲು ನನಗೆ ಬಾರದು. ನನ್ನ ಜೊತೆಗೇ ಸೇರಿದ ಸಹೋದ್ಯೋಗಿಗೆ ಈ ವರ್ಷ ಬಡ್ತಿಯಾಯಿತು. ನನಗೆ “ಎಲ್ಲರಿಗೂ ಆಗುವ ಹುಡುಗಿ” ಎಂಬ ಹೊಗಳಿಕೆ ಸಿಕ್ಕಿತು.

ಉತ್ತರ: ಆ ಹೊಗಳಿಕೆಯನ್ನು ಓದಿ ನನಗೇ ಮುಜುಗರವಾಯಿತು. ನಿಮ್ಮದು ಸ್ವಭಾವದ ದೋಷವೆಂದು ತಿಳಿಯಬೇಡಿ. ಎಲ್ಲರಿಗೂ ಬೇಕಾದ, ಆದರೆ ಮಾಡಿದವರ ಬಡ್ತಿಗೆ ಒದಗಿಬಾರದ ಇಂಥ ಕೆಲಸಗಳು ಯಾರ ಪಾಲಿಗೆ ಬರುತ್ತವೆ ಎಂಬುದನ್ನು ಲಿಂಡಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರು ಪ್ರಯೋಗಗಳ ಮೂಲಕ ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ್ದಾರೆ. ಗಂಡಸರೂ ಹೆಂಗಸರೂ ಬೆರೆತ ಗುಂಪುಗಳಲ್ಲಿ ಹೆಂಗಸರು ತಾವಾಗಿ ಮುಂದೆ ಬಂದದ್ದು ಶೇ. 48ರಷ್ಟು ಹೆಚ್ಚು, ಅವರನ್ನು ಕೇಳಿಕೊಂಡದ್ದು ಶೇ. 44ರಷ್ಟು ಹೆಚ್ಚು. ಬರಿಯ ಹೆಂಗಸರ ಗುಂಪು, ಬರಿಯ ಗಂಡಸರ ಗುಂಪು ಎಂದು ಬೇರ್ಪಡಿಸಿದಾಗ ಮುಂದೆ ಬರುವವರ ಪ್ರಮಾಣದಲ್ಲಿ ಆ ಅಂತರವೇ ಕಾಣಲಿಲ್ಲ. ಗಂಡಸರಷ್ಟೇ ಇದ್ದಾಗ ಅವರೂ ಮುಂದೆ ಬಂದರು. ಅಂದರೆ ಇದು ಹೆಂಗಸರ ಹುಟ್ಟುಗುಣವಲ್ಲ, ಅವಳು ಒಪ್ಪಿಕೊಳ್ಳುತ್ತಾಳೆ ಎಂದು ಉಳಿದವರು ಎಣಿಸಿಕೊಂಡಿರುವುದರ ಫಲ.

ಎಣಿಕೆಯನ್ನು ಬದಲಿಸಬೇಕಾದರೆ ಅದನ್ನು ಎಣಿಸಿಯೇ ತೋರಿಸಬೇಕು. ಒಂದು ತಿಂಗಳು ಇಂಥ ಕೆಲಸಗಳಿಗೆ ಹೋದ ಗಂಟೆಗಳನ್ನು ದಿನವೂ ಬರೆದಿಡಿ. ಆಮೇಲೆ ಮೇಲಧಿಕಾರಿಯ ಬಳಿ ದೂರಿನ ಧ್ವನಿಯಿಲ್ಲದೆ, “ಕಳೆದ ತಿಂಗಳು ಇಷ್ಟು ಗಂಟೆ ಇವುಗಳಿಗೆ ಹೋಗಿದೆ, ಇವನ್ನು ಸರದಿಯ ಮೇಲೆ ಹಂಚಿದರೆ ಇಂಥ ಪ್ರಾಜೆಕ್ಟಿಗೆ ನಾನು ಸಮಯ ಕೊಡಬಲ್ಲೆ” ಎಂದು ಹೇಳಿ. ಸರದಿ ಎಂಬ ಪದವನ್ನು ಬಿಡಬೇಡಿ. ಇಲ್ಲವೆನ್ನುವ ಭಾರವನ್ನು ಪ್ರತಿ ಸಲ ನೀವೊಬ್ಬರೇ ಹೊರುವ ಬದಲು ಅದು ಪಟ್ಟಿಯ ಮೇಲೆ ಬೀಳುತ್ತದೆ. ಎಲ್ಲ ನೆರವನ್ನೂ ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಹೊಸಬರಿಗೆ ಕೆಲಸ ಕಲಿಸುವುದು ನಿಮ್ಮ ತಿಳಿವಳಿಕೆಯನ್ನೂ ಗಟ್ಟಿಮಾಡುತ್ತದೆ, ಅದನ್ನು ಇಟ್ಟುಕೊಳ್ಳಿ. ಬೀಳ್ಕೊಡುಗೆಯ ಹೂಮಾಲೆಯನ್ನು ಬೇರೆಯವರು ತರಲಿ.

ಪ್ರಶ್ನೆ: ನಾನು ಹನ್ನೆರಡು ಜನರ ತಂಡದ ಮ್ಯಾನೇಜರ್. ಹೊಸಬರನ್ನು ಒಂದು ವರ್ಷ ತಿದ್ದಿ ತೀಡಿ ತಯಾರು ಮಾಡುವಷ್ಟರಲ್ಲಿ ಹೊರಟುಬಿಡುತ್ತಾರೆ. ಈ ತಿಂಗಳೂ ಒಬ್ಬರು ರಾಜೀನಾಮೆ ಕೊಟ್ಟಿದ್ದಾರೆ. ನಿಮ್ಮಂಥವರ ಸಲಹೆಗಳೇ ಇವರನ್ನು ಕೆಡಿಸುತ್ತಿವೆ ಎಂದರೆ ಬೇಸರಪಡಬೇಡಿ.

ಉತ್ತರ: ಬೇಸರವಿಲ್ಲ. ತಂಡದ ಹೊಣೆ ಹೊತ್ತ ವರ್ಷಗಳಲ್ಲಿ ನಾನೂ ಇದೇ ಮಾತನ್ನು ಆಡಿದ್ದೇನೆ. ಆರು ತಿಂಗಳಿಗೊಮ್ಮೆ ಕೆಲಸ ಬದಲಿಸುತ್ತ, ಯಾವುದನ್ನೂ ಮುಗಿಸದೆ, ಪ್ರತಿ ಸಲ ತುಸು ಹೆಚ್ಚಿನ ಸಂಬಳವನ್ನೇ ಬೆಳವಣಿಗೆ ಎಂದು ಕರೆಯುವವರು ಇದ್ದಾರೆ. ಅವರ ಪರವಾಗಿ ನಾನು ಬರೆಯುತ್ತಿಲ್ಲ. ಒಂದು ಕೆಲಸವನ್ನು ಪ್ರಾರಂಭದಿಂದ ಕೊನೆಯವರೆಗೆ ನಡೆಸಿ, ತನ್ನ ನಿರ್ಧಾರದ ಫಲವನ್ನು, ಅದರಲ್ಲೂ ತಪ್ಪಿದ ನಿರ್ಧಾರದ ಫಲವನ್ನು, ತಾನೇ ಅಲ್ಲಿದ್ದು ಉಣ್ಣದವನು ಬೆಳೆಯುವುದಿಲ್ಲ. ಅದಕ್ಕೆ ಹೆಚ್ಚಿನ ಕೆಲಸಗಳಲ್ಲಿ ಒಂದೂವರೆ ಎರಡು ವರ್ಷವಾದರೂ ಬೇಕು.

ಆದರೆ ನಿಮ್ಮ ಪತ್ರದ ಒಂದು ಪದವನ್ನು ಮತ್ತೆ ಓದಿ: “ತಯಾರು ಮಾಡುವಷ್ಟರಲ್ಲಿ.” ತಯಾರಾದ ಮೇಲೆ ಅವರಿಗಾಗಿ ಏನು ಕಾದಿತ್ತು? ಮೊದಲ ವರ್ಷ ಕಲಿಸಿ ಎರಡನೆಯ ವರ್ಷ ಅದೇ ಕೆಲಸವನ್ನು ಇನ್ನಷ್ಟು ವೇಗವಾಗಿ ಮಾಡಿಸುವ ತಂಡದಿಂದ ಚುರುಕಾದವರು ಮೊದಲು ಹೊರಡುತ್ತಾರೆ, ಉಳಿದವರು ಉಳಿದದ್ದಕ್ಕೆ ನಿಷ್ಠೆಯೇ ಕಾರಣವೆಂದು ಹೇಳಲಾಗದು. ಹನ್ನೆರಡು ಜನರಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ, ಇವರು ಈ ವರ್ಷ ಹೊಸದಾಗಿ ಏನನ್ನು ಕಲಿಯಲಿದ್ದಾರೆ ಎಂದು ಒಂದು ಸಾಲು ಬರೆಯಲು ಪ್ರಯತ್ನಿಸಿ; ಎಷ್ಟು ಹೆಸರುಗಳ ಮುಂದೆ ಜಾಗ ಖಾಲಿ ಉಳಿಯುತ್ತದೆ ನೋಡಿ. ರಾಜೀನಾಮೆ ಕೊಟ್ಟವರು ಇನ್ನೂ ನೋಟಿಸ್ ಅವಧಿಯಲ್ಲಿದ್ದಾರಲ್ಲವೇ? ಉಳಿಯಿರೆಂದು ಒತ್ತಾಯಿಸದೆ, ಬಿಡಬೇಕೆಂಬ ಯೋಚನೆ ಮೊದಲು ಬಂದದ್ದು ಯಾವ ತಿಂಗಳಲ್ಲಿ, ಆಗ ಅವರ ಕೈಯಲ್ಲಿ ಯಾವ ಕೆಲಸವಿತ್ತು ಎಂದಷ್ಟೇ ಕೇಳಿ, ನಡುವೆ ಮಾತನಾಡದೆ ಪೂರ್ತಿ ಕೇಳಿಸಿಕೊಳ್ಳಿ.